‘ನಡೀತೈತ್ರಿ’ ಅಂದರೆ ಐದರಲ್ಲಿ ಎಷ್ಟು?

ಬನಹಟ್ಟಿಯ ಒಂದು ನೇಕಾರರ ಓಣಿ. ಮಧ್ಯಾಹ್ನ ಎರಡು ಗಂಟೆ. ಒಳಗೆ ನಾಲ್ಕು ಪಾವರ್‌ಲೂಮ್ ಒಟ್ಟಿಗೆ ಓಡುತ್ತಿವೆ. ಮಗ್ಗದ ಸದ್ದು ಕೇಳಿದವರಿಗೆ ಗೊತ್ತು, ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ. ನಾನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು, ಟ್ಯಾಬ್ ನೋಡಿಕೊಂಡು, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ.

“ಕಳೆದ ಆರು ತಿಂಗಳಲ್ಲಿ ವಿದ್ಯುತ್ ಪೂರೈಕೆಯ ಬಗ್ಗೆ ನೀವು ಎಷ್ಟರ ಮಟ್ಟಿಗೆ ತೃಪ್ತರಾಗಿದ್ದೀರಿ?”

ಯಜಮಾನರು ಕಿವಿಗೆ ಕೈ ಹಚ್ಚಿ ಎರಡು ಸಲ ಕೇಳಿದರು. ಮೂರನೇ ಸಲ ಅರ್ಥವಾಯಿತು ಅನ್ನುವ ಹಾಗೆ ತಲೆ ಆಡಿಸಿದರು.

“ನಡೀತೈತ್ರಿ.”

ನನ್ನ ಮುಂದೆ ಇರುವುದು ಐದು ಉತ್ತರ. ಬಹಳ ತೃಪ್ತಿ, ತೃಪ್ತಿ, ತೃಪ್ತಿಯೂ ಇಲ್ಲ ಅತೃಪ್ತಿಯೂ ಇಲ್ಲ, ಅತೃಪ್ತಿ, ಬಹಳ ಅತೃಪ್ತಿ. ಬಹಳ ತೃಪ್ತಿಗೆ ಐದು ಅಂಕ, ಬಹಳ ಅತೃಪ್ತಿಗೆ ಒಂದು. ‘ನಡೀತೈತ್ರಿ’ ಅದರಲ್ಲಿ ಎಲ್ಲೂ ಇಲ್ಲ.

ಹನ್ನೆರಡು ವರ್ಷಗಳಿಂದ ಇದೇ ನನ್ನ ಹೊಟ್ಟೆಪಾಡು. ತವರು ಜಮಖಂಡಿ, ಗಂಡನ ಮನೆ ವಿಜಯಪುರ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ನಮ್ಮ ಮೂರು ಜಿಲ್ಲೆಗಳಲ್ಲಿ ಮಾಡಿಸುವ ಗ್ರಾಹಕ ಸಮೀಕ್ಷೆಗಳ ಫೀಲ್ಡ್ ಕೆಲಸ ನನ್ನದು. ಮೊದಲು ಒಂದು ಫಾರ್ಮಿಗೆ ಇಷ್ಟು ರೂಪಾಯಿ ಅಂತ ಮನೆಮನೆ ತಿರುಗುತ್ತಿದ್ದೆ. ಈಗ ಸೂಪರ್‌ವೈಸರ್. ಅಂದರೆ ಎಂಟು ಹುಡುಗ-ಹುಡುಗಿಯರನ್ನು ತಿರುಗಿಸಿ, ಆಮೇಲೆ ಅವರು ನಿಜವಾಗಿ ಹೋಗಿದ್ದರೋ ಇಲ್ಲವೋ ನೋಡಲು ನಾನೂ ತಿರುಗುವುದು. ಕರೆಂಟು, ನೀರು, ಬಸ್ಸು, ಬ್ಯಾಂಕು, ಮೊಬೈಲು, ಗ್ಯಾಸು, ದವಾಖಾನೆ, ಎಲ್ಲಾ ಆಗಿದೆ. ನಮ್ಮ ಅತ್ತೆ ಕೇಳಿದವರಿಗೆಲ್ಲ “ಅಕಿ ಜನಗಣತಿ ಮಾಡ್ತಾಳ್ರಿ” ಅಂತಲೇ ಹೇಳುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ.

ಮೊದಲು ‘ತೃಪ್ತಿ’ ಅನ್ನುವ ಶಬ್ದದ ಪಾಡು ಹೇಳಬೇಕು. ಪ್ರಶ್ನೆಪಟ್ಟಿ ಹುಟ್ಟುವುದು ಇಂಗ್ಲಿಷಿನಲ್ಲಿ. ಬೆಂಗಳೂರಿನಲ್ಲಿ ಯಾರೋ ಎಸಿ ರೂಮಿನಲ್ಲಿ ಕುಳಿತು ಕನ್ನಡ ಮಾಡುತ್ತಾರೆ. ನಮ್ಮ ಕಡೆ ತೃಪ್ತಿ ಆಗುವುದು ಊಟದಿಂದ. ಹೋಳಿಗೆ ತುಪ್ಪ ಹೊಡೆದು ಕೈತೊಳೆದ ಮೇಲೆ “ತೃಪ್ತಿ ಆತು ನೋಡ್ರಿ” ಅನ್ನುತ್ತಾರೆ. ಬ್ಯಾಂಕಿನಿಂದ ತೃಪ್ತಿ ಆದ ಮನುಷ್ಯನನ್ನು ನಾನಂತೂ ನೋಡಿಲ್ಲ. ‘ಅತೃಪ್ತ’ ಅನ್ನುವುದು ಇನ್ನೂ ಪೇಚು. ಅದು ಒಂದೋ ದೆವ್ವ, ಇಲ್ಲಾ ಶಾಸಕ. ಸಿಂದಗಿ ಕಡೆ ಒಬ್ಬ ಅಜ್ಜ ನಗುತ್ತಾ ಹೇಳಿದ್ದ: “ನಾ ಯಾಕ ಅತೃಪ್ತ ಆಗ್ಲಿ ತಂಗಿ, ನಾ ಏನ್ ರೆಸಾರ್ಟಿಗೆ ಹೋಗಬೇಕಾಗೇತೇನು?”

ಅದಕ್ಕೆ ನಮ್ಮ ಹುಡುಗರು ಬಾಯಿಮಾತಿನಲ್ಲಿ ‘ಸಮಾಧಾನ’ ಅಂತ ಕೇಳುತ್ತಾರೆ. “ಸಮಾಧಾನ ಐತೇನ್ರಿ?” ಬೆಳಗಾವಿಯಲ್ಲಿ ಇನ್ನೂ ಅನುಕೂಲ. ಮರಾಠಿ ಮನೆಗಳಲ್ಲೂ ಅದೇ ಶಬ್ದ ನಡೆಯುತ್ತದೆ. ಆದರೆ ಸಮಾಧಾನಕ್ಕೂ ಒಂದು ಬಾಲ ಇದೆ. ಕಷ್ಟ ಬಂದಾಗ ಮಾಡಿಕೊಳ್ಳುವುದೂ ಸಮಾಧಾನವೇ. “ಸಮಾಧಾನ ಮಾಡ್ಕೊಂಡೇವ್ರಿ” ಅಂದರೆ ಅದು ಐದರಲ್ಲಿ ನಾಲ್ಕೋ, ಎರಡೋ? ಹುಡುಗ ನಾಲ್ಕು ಒತ್ತಿರುತ್ತಾನೆ. ನಾನು ಆಡಿಯೋ ಕೇಳಿದರೆ ಆ ದನಿ ಎರಡರದ್ದು.

ಈ ಐದು ಮೆಟ್ಟಿಲಿನ ಪದ್ಧತಿ ಹಳೆಯದು. ರೆನ್ಸಿಸ್ ಲಿಕರ್ಟ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 1932ರಲ್ಲಿ ಹೊರತಂದದ್ದು. ಜನರ ಅಭಿಪ್ರಾಯವನ್ನು ಅಳೆಯಲು ಒಂದು ಅಳತೆಕೋಲು ಬೇಕಿತ್ತು, ಮಾಡಿದ. ಅವನ ತಪ್ಪೇನೂ ಇಲ್ಲ. ಆದರೆ ಕೋಲಿನ ನಡುವಿನ ಗೆರೆ, ಅಂದರೆ ಮೂರು, ನಮ್ಮಲ್ಲಿ ಪೂರಾ ಬೇರೆ ಕೆಲಸ ಮಾಡುತ್ತದೆ. ಕೆಲವರಿಗೆ ಮೂರು ಅಂದರೆ ‘ಗೊತ್ತಿಲ್ಲ’. ಕೆಲವರಿಗೆ ‘ಹೇಳಂಗಿಲ್ಲ’. ಕೆಲವರಿಗೆ ‘ಬೇಗ ಎದ್ದು ಹೋಗು ತಾಯಿ, ರೊಟ್ಟಿ ಬಡಿಯೋದೈತಿ’.

ಇನ್ನು ಮರ್ಯಾದೆಯ ಪ್ರಶ್ನೆ. ಬಿಸಿಲಲ್ಲಿ ಬಂದ ಹೆಣ್ಣುಮಗಳು, ಟ್ಯಾಬ್ ಹಿಡಿದಿದ್ದಾಳೆ, ಎಲ್ಲಿಂದಲೋ ಕಳಿಸಿದ್ದಾರೆ. ಕುಂದರಿಸಿ, ನೀರು ಕೊಟ್ಟು, ಚಾ ಮಾಡಿದ ಮೇಲೆ ಅವಳ ಮುಂದೆ ‘ಬಹಳ ಅತೃಪ್ತಿ’ ಅನ್ನಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ. ಅವರ ಲೆಕ್ಕದಲ್ಲಿ ಅದು ನನಗೇ ಬೈದ ಹಾಗೆ. ಚಾ ಕುಡಿದ ಮನೆಗಳಲ್ಲಿ ಅಂಕಿ ಜಾಸ್ತಿ ಬರುತ್ತದೆ ಅಂತ ನನಗೆ ಬಹಳ ದಿನದಿಂದ ಗುಮಾನಿ. ಲೆಕ್ಕ ಹಾಕಿ ನೋಡಿಲ್ಲ. ಹಾಕಿದರೆ ಚಾ ಬಿಡಬೇಕಾಗುತ್ತದೆ.

ಬನಹಟ್ಟಿಗೆ ವಾಪಸ್ ಬರುತ್ತೇನೆ. ನಾನು ಮೂರು ಒತ್ತಲೋ ನಾಲ್ಕು ಒತ್ತಲೋ ಅಂತ ನೋಡುತ್ತಿರುವಾಗ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಓಣಿಗೆ ಓಣಿಯೇ ಗಪ್ಪಾಯಿತು. ಎಲ್ಲೋ ಒಂದು ಮಗು ಅಳುವುದು ಕೇಳಿಸಿತು. ಅಷ್ಟು ಹೊತ್ತು ಅದು ಅಳುತ್ತಲೇ ಇತ್ತೋ ಏನೋ. ಅರ್ಧ ನಿಮಿಷ ಆಗಿರಬಹುದು, ಕರೆಂಟು ಬಂತು. ಆದರೆ ಯಜಮಾನರು ಮಗ್ಗ ಚಾಲೂ ಮಾಡಲಿಲ್ಲ. ಒಳಗೆ ಕರೆದರು. “ಬರ್ರಿ, ನೋಡ್ರಿ ಇಲ್ಲಿ.”

ಅಡ್ಡ ನೂಲು ಒಯ್ಯುವ ಲಾಳಿ ಹಾಸಿನ ಉದ್ದ ಎಳೆಗಳ ನಡುವೆ ಸಿಕ್ಕು ನಿಂತಿತ್ತು. ಎರಡು ಮಗ್ಗದಲ್ಲಿ ಎಳೆ ಹರಿದಿದ್ದವು. ಅವರ ಹೆಂಡತಿ ಆಗಲೇ ಬಗ್ಗಿ ಒಂದೊಂದೇ ಎಳೆ ಹುಡುಕಿ ಗಂಟು ಹಾಕುತ್ತಿದ್ದರು. ಮಗ್ಗ ನಿಂತು ಶುರುವಾದ ಕಡೆ ಸೀರೆಯ ಮೇಲೆ ಒಂದು ಗೆರೆ ಬೀಳುತ್ತದೆ. ಬೆಳಕಿಗೆ ಹಿಡಿದರೆ ನನಗೂ ಕಂಡಿತು. ತಗೊಳ್ಳುವ ಸಾಹುಕಾರನಿಗೆ ಬೆಳಕಿಗೆ ಹಿಡಿಯುವುದೇ ಬೇಡ, ಕೈಯಾಡಿಸಿದರೆ ಸಾಕು ಅಂತೆ. ಸೀರೆಯ ಬೆಲೆ ಇಳಿಸುತ್ತಾನೆ.

“ತಾಸ್ ಗಟ್ಟಲೆ ಹೋದ್ರ ತ್ರಾಸಿಲ್ರಿ. ಮೊದಲೇ ಹೇಳ್ತಾರ, ನಾವೂ ಊಟಾ ಮಾಡ್ತೀವಿ, ಮಲಗ್ತೀವಿ. ಇದು ನೋಡ್ರಿ, ಹಿಂಗ ಕಣ್ ಹೊಡ್ದಂಗ ಹೋಗಿ ಬರೋದು. ಇದರಿಂದ ಸತ್ತೀವಿ.”

ನನ್ನ ಫಾರ್ಮಿನಲ್ಲಿ ಇದ್ದ ಪ್ರಶ್ನೆ: ದಿನಕ್ಕೆ ಸರಾಸರಿ ಎಷ್ಟು ಗಂಟೆ ವಿದ್ಯುತ್ ಇರುವುದಿಲ್ಲ? ಅವರ ಉತ್ತರ: ಒಂದು ತಾಸಿಗಿಂತ ಕಡಿಮೆ. ಆ ಉತ್ತರದ ಪ್ರಕಾರ ಅವರಷ್ಟು ಸುಖಿ ಗ್ರಾಹಕ ಇಲ್ಲ.

ವಿದ್ಯುತ್ ಎಂಜಿನಿಯರುಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂತಲ್ಲ. ಅವರ ಬಳಿ ಎರಡು ಬೇರೆ ಬೇರೆ ಅಳತೆ ಇವೆ. ಒಂದು ‘ಸೈಡಿ’. ಒಬ್ಬ ಗ್ರಾಹಕನಿಗೆ ವರ್ಷದಲ್ಲಿ ಸರಾಸರಿ ಎಷ್ಟು ಹೊತ್ತು ಕರೆಂಟು ಇರಲಿಲ್ಲ ಅನ್ನುವುದು. ಇನ್ನೊಂದು ‘ಸೈಫಿ’. ಎಷ್ಟು ಸಲ ಹೋಯಿತು ಅನ್ನುವುದು. ಆದರೆ ಎಂಜಿನಿಯರುಗಳ ಸಂಸ್ಥೆ ಐಇಇಇ ಮಾಡಿರುವ 1366 ನಂಬರಿನ ಮಾನದಂಡದಲ್ಲಿ, 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಹೋದರೆ ಮಾತ್ರ ಅದು ಈ ಎರಡರ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಚಿಕ್ಕದಕ್ಕೆ ‘ಮೈಫಿ’ ಅಂತ ಬೇರೆ ಅಳತೆ ಇದೆ. ಅರ್ಧ ನಿಮಿಷದ್ದು ಬೀಳುವುದು ಅಲ್ಲಿ. ಬನಹಟ್ಟಿಯ ಸೀರೆಯ ಮೇಲಿನ ಗೆರೆ ಈ ಮೂರನೆಯದರಲ್ಲಿದೆ, ನನ್ನ ಪ್ರಶ್ನೆ ಮೊದಲನೆಯದರಲ್ಲಿದೆ.

ಅವತ್ತು ನಾನು ಕೊನೆಯ ಪ್ರಶ್ನೆಗೆ ಹೋದೆ. ‘ಇನ್ನೇನಾದರೂ ಹೇಳುವುದಿದೆಯೇ?’ ಅದರ ಕೆಳಗೆ ಒಂದು ಡಬ್ಬಿ. ಎಲ್ಲವನ್ನೂ ಬರೆದೆ. ಟ್ಯಾಬ್ ಅರ್ಧಕ್ಕೇ ನಿಲ್ಲಿಸಿತು. ಅಕ್ಷರದ ಮಿತಿ ಮುಗಿಯಿತಂತೆ.

ದೂರಿನ ಪ್ರಶ್ನೆಯೂ ಹೀಗೇ. ‘ಕಳೆದ ಆರು ತಿಂಗಳಲ್ಲಿ ನೀವು ಕಂಪನಿಗೆ ಯಾವುದಾದರೂ ದೂರು ನೀಡಿದ್ದೀರಾ?’ ಹಳ್ಳಿಗಳಲ್ಲಿ ಹತ್ತಕ್ಕೆ ಒಂಬತ್ತು ಮನೆಯವರು ಇಲ್ಲ ಅನ್ನುತ್ತಾರೆ. ವರದಿಯಲ್ಲಿ ಅದು ಒಳ್ಳೆಯ ಸುದ್ದಿಯಾಗಿ ಬರುತ್ತದೆ, ದೂರುಗಳು ಕಡಿಮೆ. ಒಂದು ಸಲ ಬಸವನ ಬಾಗೇವಾಡಿ ಕಡೆ ಒಬ್ಬ ರೈತರು ಇಲ್ಲ ಅಂದು, ಅದರ ಬೆನ್ನಿಗೇ ಫೋನ್ ತೆಗೆದು ಯಾರಿಗೋ ಹಚ್ಚಿದರು. “ಯಣ್ಣಾ, ಟಿಸಿ ಮತ್ತ ಹೋಗೇತಿ, ಎಷ್ಟೊತ್ತಿಗೆ ಬರ್ತಿ?” ಲೈನ್‌ಮನ್‌ಗೆ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಆ ವಾರದಲ್ಲಿ ಅದು ನಾಲ್ಕನೇ ಫೋನು. ಅದು ದೂರು ಅಲ್ವಾ ಅಂತ ಕೇಳಿದೆ. “ದೂರು ಅಂದ್ರ ಪೊಲೀಸ್ ಸ್ಟೇಶನ್ನಿಗೆ ಕೊಡೋದಲ್ರಿ? ಇಂವಾ ನಮ್ಮ ಹುಡುಗ.”

1912 ಅಂತ ವಿದ್ಯುತ್ ಸಹಾಯವಾಣಿ ಇದೆ. ಪೇಟೆಯವರು ಅದಕ್ಕೆ ಹಚ್ಚುತ್ತಾರೆ, ನಂಬರ್ ಬೀಳುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಹಳ್ಳಿಯಲ್ಲಿ ಕಂಪನಿ ಅಂದರೆ ಲೈನ್‌ಮನ್. ಅವನು ಒಳ್ಳೆಯವನಾದರೆ ಕರೆಂಟ್ ಚೆನ್ನಾಗಿದೆ. ಅವನಿಗೆ ವರ್ಗ ಆದರೆ ಕರೆಂಟ್ ಕೆಟ್ಟಿತು. ನಡುರಾತ್ರಿ ಮಳೆಯಲ್ಲಿ ಕಂಬ ಹತ್ತಿದವನ ಹೆಸರನ್ನು ಹೆಂಗಸರು ಮನೆಮಗನ ಹೆಸರಿನ ಹಾಗೆ ಹೇಳುತ್ತಾರೆ. ಆಮೇಲೆ ನಾನು ನಮ್ಮ ಹುಡುಗರಿಗೆ ಒಂದು ಮಾತು ಹೇಳಿಕೊಟ್ಟೆ. ದೂರು ಅಂತ ಕೇಳಬೇಡಿ. ‘ಕರೆಂಟ್ ಹೋದಾಗ ಯಾರಿಗೆ ಫೋನ್ ಹಚ್ತೀರಿ? ಹೋದ ವಾರ ಎಷ್ಟು ಸಲ ಹಚ್ಚಿದ್ರಿ?’ ಅಂತ ಕೇಳಿ, ಬದಿಗೆ ಬರೆದಿಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ ನನಗೆ ದಿನವೂ ನಗು ತರಿಸುತ್ತದೆ. ‘ಈ ಕಂಪನಿಯನ್ನು ನಿಮ್ಮ ಸ್ನೇಹಿತರಿಗೆ, ಬಂಧುಗಳಿಗೆ ಶಿಫಾರಸು ಮಾಡುವ ಸಾಧ್ಯತೆ ಎಷ್ಟು? 0ಯಿಂದ 10ರ ಒಳಗೆ ಹೇಳಿ.’ ಇದನ್ನು 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಅನ್ನುವ ಅಮೆರಿಕದ ಸಲಹೆಗಾರ ಪ್ರಚಾರಕ್ಕೆ ತಂದ. ನೂರು ಪ್ರಶ್ನೆ ಬೇಡ, ಇದೊಂದೇ ಸಾಕು ಅಂದ. ಕಂಪನಿಗಳಿಗೆ ಬಹಳ ಹಿಡಿಸಿತು. 9, 10 ಕೊಟ್ಟವರು ನಿಮ್ಮನ್ನು ಹೊಗಳುವವರು. 7, 8 ಕೊಟ್ಟವರು ಸುಮ್ನೆ ಇರುವವರು. 0ಯಿಂದ 6ರ ತನಕ ಕೊಟ್ಟವರು ತೆಗಳುವವರು. ಹೊಗಳುವವರ ಶೇಕಡಾವಾರಿನಿಂದ ತೆಗಳುವವರದ್ದನ್ನು ಕಳೆದರೆ ಬರುವುದೇ ನಿಮ್ಮ ಅಂಕ.

ಆರು ಕೊಟ್ಟವರು ತೆಗಳುವವರಂತೆ! ಹತ್ತಕ್ಕೆ ಆರು ಅಂದರೆ ನೂರಕ್ಕೆ ಅರವತ್ತು. ನಾವು ಕಲಿಯುವಾಗ 35 ಬಂದರೆ ಪಾಸು, 60 ಬಂದರೆ ಫಸ್ಟ್ ಕ್ಲಾಸು, ಪೇಢೆ ಹಂಚುತ್ತಿದ್ದರು. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಯಾರಿಗೂ ಕೊಡದ ಮಾಸ್ತರರ ಕೈಕೆಳಗೆ ಕಲಿತ ಜನ ನಾವು. ಮುದ್ದೇಬಿಹಾಳದಲ್ಲಿ ಒಬ್ಬ ನಿವೃತ್ತ ಮಾಸ್ತರರು ತಮ್ಮ ಬ್ಯಾಂಕಿಗೆ ಆರು ಕೊಟ್ಟರು. ಕೊಟ್ಟು, “ಚಲೋ ಬ್ಯಾಂಕ್ ಅದ, ಒಳ್ಳೇ ಮಾರ್ಕ್ಸ್ ಹಾಕೇನಿ” ಅಂದರು. ಟ್ಯಾಬ್ ಅವರನ್ನು ತೆಗಳುವವರ ಸಾಲಿಗೆ ಹಾಕಿತು.

ಬ್ಯಾಂಕಿಗಾದರೂ ಈ ಪ್ರಶ್ನೆಗೆ ಅರ್ಥ ಇದೆ. ಒಂದು ಬಿಟ್ಟರೆ ಇನ್ನೊಂದು. ಕರೆಂಟಿಗೆ, ನಲ್ಲಿ ನೀರಿಗೆ ಏನು ಶಿಫಾರಸು? ಒಂದು ಊರಿಗೆ ಒಂದೇ ತಂತಿ, ಒಂದೇ ಪೈಪು. “ಬೀಗರಿಗೆ ಹೇಳ್ತೀನ್ರಿ, ಅವರೂ ಇದನ್ನ ತಗೊಳ್ಳಲಿ ಅಂತ. ಅವರಿಗೆ ಬ್ಯಾರೇದ್ ಸಿಗ್ತೈತೇನು ಮತ್ತ?” ಅಂತ ಒಬ್ಬಾಕೆ ನನಗೇ ತಿರುಗಿ ಕೇಳಿದ್ದಳು. ಮೊಬೈಲಿಗೆ ಹಾಕಿದ ಪ್ರಶ್ನೆಯನ್ನೇ ಕರೆಂಟಿಗೂ ಹಾಕುವುದು ಪ್ರಶ್ನೆಪಟ್ಟಿ ಮಾಡುವವರ ಸೋಮಾರಿತನ, ಇನ್ನೇನೂ ಅಲ್ಲ.

ಹಾಗಂತ ಅಂಕಿ ಎಲ್ಲಾ ಸುಳ್ಳು ಅಂತ ಹೇಳುತ್ತಿಲ್ಲ. ಈ ವಿದ್ಯೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ವಿಚಾರಗಳಿವೆ. ಪರಶುರಾಮನ್, ಜೈತಾಮ್ಲ್, ಬೆರಿ ಅನ್ನುವ ಮೂವರು 1985ರಲ್ಲಿ ಬ್ಯಾಂಕು, ಕ್ರೆಡಿಟ್ ಕಾರ್ಡು, ರಿಪೇರಿ ಇಂಥ ಸೇವೆಗಳನ್ನು ನೋಡಿ ಒಂದು ಮಾತು ಹೇಳಿದರು. ಜನ ಏನು ಸಿಗಬೇಕು ಅಂತ ಎಣಿಸಿದ್ದರು, ಏನು ಸಿಕ್ಕಿತು, ಇವೆರಡರ ನಡುವಿನ ಅಂತರವನ್ನು ಅಳೆಯಬೇಕು ಅಂತ. 1988ರಲ್ಲಿ ಅದಕ್ಕೆ 22 ಅಂಶಗಳ ಪಟ್ಟಿಯನ್ನೂ ಮಾಡಿದರು. ಇದು ನಮ್ಮ ಜಿಲ್ಲೆಗಳಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಹೊಲದ ಮನೆಯವರು ರಾತ್ರಿ ತ್ರೀಫೇಸ್ ಬಂದರೆ ಸಾಕು, ನಾಲ್ಕು ಕೊಡುತ್ತಾರೆ. ಹಾವು ಚೇಳು ಅಂತ ಬ್ಯಾಟರಿ ಹಿಡಿದು ಪಂಪ್ ಚಾಲೂ ಮಾಡಲು ಹೋಗುವವರು ಅವರು. ವಿಜಯಪುರದ ಹೊಸ ಲೇಔಟಿನಲ್ಲಿ ಇನ್ವರ್ಟರ್ ಇಟ್ಟುಕೊಂಡವರು ಎರಡು ಕೊಡುತ್ತಾರೆ, ಎಸಿ ನಿಂತಿತು ಅಂತ. ಅಂಕಿ ನೋಡಿದರೆ ಹೊಲದಲ್ಲೇ ಸೇವೆ ಚೆನ್ನಾಗಿದೆ.

ಬೆಳಗಾವಿಯ ನೀರಿನ ಕತೆ ಇದಕ್ಕಿಂತ ರುಚಿ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಿಗೆ ಪ್ರಯೋಗ ಅಂತ ದಿನದ 24 ತಾಸು ನಲ್ಲಿ ನೀರು ಕೊಟ್ಟರು. ವಿಶ್ವಬ್ಯಾಂಕಿನ ಸಾಲದ ಯೋಜನೆ ಅದು. ದೇಶದ ಎಲ್ಲಾ ಕಡೆಯಿಂದ ನೋಡಲು ಜನ ಬರುತ್ತಿದ್ದರು. ನಾನು ಆ ಕಡೆ ನೀರಿನ ಸಮೀಕ್ಷೆಗೆ ಹೋದದ್ದು ಎಷ್ಟೋ ವರ್ಷದ ಮೇಲೆ. 24 ತಾಸು ನೀರಿನ ಓಣಿಯಲ್ಲಿ ಹಾಡಿ ಹೊಗಳುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ನೀರಿನ ಮಾತೇ ಎತ್ತಲಿಲ್ಲ. ಮಾತೆಲ್ಲಾ ಬಿಲ್ಲಿಂದು. ನೀರು ಅಂತ ನಾನೇ ಕೇಳಿದರೆ, “ನೀರಾ? ಬರ್ತಾವಲ್ರೀ” ಅಂದರು. ನೀರು ದಿನ ಬಿಟ್ಟು ದಿನ ಬರುವ ಓಣಿಗೆ ಹೋದೆ. ಅಲ್ಲಿ ಅರ್ಧ ತಾಸು ನೀರಿನ ಮಾತೇ. ಯಾವಾಗ ಬರುತ್ತದೆ, ಯಾರು ವಾಲ್ವ್ ಬಿಡುತ್ತಾರೆ, ಡ್ರಮ್ ಎಷ್ಟು, ಯಾವ ಮದುವೆ ನೀರಿಲ್ಲದೆ ತಪ್ಪಿತು. ಕೊನೆಗೆ ಅಂಕಿ ಕೇಳಿದರೆ ಎರಡೂ ಕಡೆ ಮೂರು, ನಾಲ್ಕು.

ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಹೇಳಿದ್ದು ಇದೇ. ಕೆಲವು ಸೌಲಭ್ಯ ಇದ್ದರೆ ಯಾರೂ ಖುಷಿಪಡುವುದಿಲ್ಲ, ಇಲ್ಲದಿದ್ದರೆ ಮಾತ್ರ ಸಿಟ್ಟು. ಕೆಲವು ಇಲ್ಲದಿದ್ದರೂ ಪರವಾಗಿಲ್ಲ, ಇದ್ದರೆ ಖುಷಿ. ಇವತ್ತು ಖುಷಿ ಕೊಟ್ಟದ್ದು ನಾಳೆ ಇರಲೇಬೇಕಾದದ್ದು ಆಗುತ್ತದೆ. ನಮ್ಮ ಅಮ್ಮ ಇದನ್ನು ಅಡುಗೆಯ ಉಪ್ಪಿಗೆ ಹೇಳುತ್ತಿದ್ದಳು. ಉಪ್ಪು ಸರಿಯಾಗಿದ್ದ ದಿನ ಅದನ್ನು ಯಾರಾದರೂ ಹೊಗಳಿದ್ದಾರಾ?

ಬಾಗಲಕೋಟೆಯ ನವನಗರದಲ್ಲಿ ಒಂದು ಉತ್ತರ ಸಿಕ್ಕಿತ್ತು, ಇವತ್ತಿಗೂ ಅದಕ್ಕೆ ಕೋಡ್ ಹಾಕಲು ನನಗೆ ಆಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಮುಳುಗಡೆ ಆದವರಿಗೆ ಅಂತ ಕಟ್ಟಿದ ಊರು ಅದು. ಸೆಕ್ಟರ್ ನಂಬರು, ಅಗಲ ರಸ್ತೆ. ಒಬ್ಬ ಅಜ್ಜಿ ಪ್ರತಿ ಪ್ರಶ್ನೆಗೂ ಚಲೋ ಐತಿ ಅಂದಳು. ನೀರು ಚಲೋ, ರಸ್ತೆ ಚಲೋ, ದೀಪ ಚಲೋ. ಎಲ್ಲಾ ಮುಗಿದು ನಾನು ಚಪ್ಪಲಿ ಮೆಟ್ಟುವಾಗ ಕೇಳಿದಳು: “ನಮ್ಮ ಹಳೇ ಓಣಿ ಬಾವಿ ನೀರಿಂದು ಯಾಕ ಕೇಳ್ಲಿಲ್ಲ?”

ಪುಕ್ಕಟೆ ಯೋಜನೆಗಳು ಬಂದ ಮೇಲೆ ಕೆಲಸ ಇನ್ನೂ ಗೋಜಲು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅದೇ ವರ್ಷ ಗೃಹಜ್ಯೋತಿ ಬಂತು, 200 ಯೂನಿಟ್ ಒಳಗಿನ ಎಷ್ಟೋ ಮನೆಗಳಿಗೆ ಬಿಲ್ಲೇ ಸೊನ್ನೆ. ನನಗೂ ಅನುಕೂಲವಾಗಿದೆ, ಸುಳ್ಳೇಕೆ. ಆದರೆ ಬಸ್ಸಿನ ಬಗ್ಗೆ ಕೇಳಿದರೆ ಹೆಂಗಸರು ಈಗ ತಡವರಿಸುತ್ತಾರೆ. “ಪುಕ್ಕಟೆ ಅಡ್ಡಾಡ್ತೀವಿ, ಮ್ಯಾಲ ಹೆಸರಿಡೋದೇನ್ರಿ?” ಹೆಸರಿಡುವುದು ಅಂದರೆ ನಮ್ಮ ಕಡೆ ತಪ್ಪು ಹುಡುಕುವುದು. ನಿಂತುಕೊಂಡೇ ಬಂದಿರುತ್ತಾರೆ, ಕಾಲು ಬಾತಿರುತ್ತದೆ, ಆದರೂ ಐದು ಕೊಡುತ್ತಾರೆ.

ಇದೆಲ್ಲ ಹೇಳುವ ನಾನು ಎಷ್ಟು ಸಾಚಾ? ಹೋದ ವರ್ಷ ನನ್ನ ಸ್ಕೂಟಿ ಸರ್ವಿಸಿಗೆ ಕೊಟ್ಟಿದ್ದೆ. ಬ್ರೇಕ್ ಕಿರ್ ಅನ್ನುತ್ತಿತ್ತು, ಸರ್ವಿಸ್ ಆದ ಮೇಲೂ ಕಿರ್ ಅಂತಲೇ ಅಂದಿತು. ಬಿಲ್ ಕೊಡುವಾಗ ಹುಡುಗ ಮೆಲ್ಲಗೆ ಹೇಳಿದ: “ಅಕ್ಕಾ, ಕಂಪನಿಯಿಂದ ಫೋನ್ ಬರ್ತೈತಿ. ಹತ್ತು ಅನ್ರಿ. ಒಂಬತ್ತು ಅಂದ್ರೂ ನನ್ನ ಇನ್ಸೆಂಟಿವ್ ಹೋಗ್ತೈತಿ.” ಮರುದಿನ ಫೋನ್ ಬಂತು. ಹನ್ನೆರಡು ವರ್ಷ ಜನರಿಂದ ನಿಜ ಹೊರಡಿಸಲು ಒದ್ದಾಡಿದವಳು ನಾನು. ಹತ್ತು ಅಂದೆ. ಆ ಕಡೆಯ ಹುಡುಗಿ “ಧನ್ಯವಾದಗಳು ಮೇಡಂ” ಅಂದಳು, ಅವಳ ದನಿಯಲ್ಲೂ ನಂಬಿಕೆ ಇರಲಿಲ್ಲ.

ಮನೆಯಲ್ಲಿ ಯಾರನ್ನು ಕೇಳಬೇಕು ಅನ್ನುವುದಕ್ಕೂ ನಿಯಮ ಇದೆ. ಸಿಕ್ಕವರನ್ನೇ ಕೇಳಿದರೆ ಯಾವಾಗಲೂ ಕಟ್ಟೆ ಮೇಲೆ ಕೂತ ಗಂಡಸರೇ ಸಿಗುತ್ತಾರೆ. ಅದಕ್ಕೆ, ಇತ್ತೀಚೆಗೆ ಯಾರ ಹುಟ್ಟಿದಹಬ್ಬ ಆಯಿತೋ ಅವರನ್ನು ಕೇಳಿ ಅಂತ ಒಂದು ಉಪಾಯ. ನಮ್ಮ ಹಳ್ಳಿಗಳಲ್ಲಿ ಅದು ನಡೆಯುವುದು ಹೇಗೆ? ಮಾಸ್ತರರು ಸಾಲಿಗೆ ಹೆಸರು ಹಚ್ಚುವಾಗ ಎಲ್ಲರಿಗೂ ಜೂನ್ 1 ಬರೆದಿರುತ್ತಾರೆ. ಒಂದು ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಇಬ್ಬರು ಮಕ್ಕಳು, ನಾಲ್ವರೂ ಜೂನ್ 1. ಸಾಲಿಗೇ ಹೋಗದ ಅವ್ವನಿಗೆ ಮಾತ್ರ ತಾನು ಹುಟ್ಟಿದ್ದು ಕಾರಹುಣ್ಣಿಮೆಯ ಮರುದಿನ ಅಂತ ಸರಿಯಾಗಿ ನೆನಪಿತ್ತು.

ಜನ ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಒಂದೇ. “ಬರಕೊಂಡ್ ಹೋಗಿ ಏನ್ ಮಾಡ್ತೀರಿ?” ನಿಜ ಹೇಳಬೇಕೆಂದರೆ ವರದಿ ಯಾವ ಕಪಾಟಿಗೆ ಹೋಗುತ್ತದೆ ಅಂತ ನಾನು ನೋಡಿಲ್ಲ. ನಮ್ಮ ರಾಜ್ಯದಲ್ಲೇ ಬೇರೆ ರೀತಿ ಮಾಡಿ ತೋರಿಸಿದವರಿದ್ದಾರೆ. ಬೆಂಗಳೂರಿನಲ್ಲಿ ಸ್ಯಾಮುಯೆಲ್ ಪಾಲ್ ಮತ್ತವರ ಜೊತೆಯವರು 1990ರ ದಶಕದಲ್ಲಿ ‘ನಾಗರಿಕರ ವರದಿ ಕಾರ್ಡ್’ ಶುರು ಮಾಡಿದರು. ಮಕ್ಕಳಿಗೆ ಶಾಲೆ ಕೊಡುತ್ತದಲ್ಲ, ಹಾಗೆ ನೀರು, ಕರೆಂಟು, ಫೋನು, ಪಾಲಿಕೆಗೆಲ್ಲ ಜನ ಕೊಟ್ಟ ಅಂಕ. 1994ರಲ್ಲಿ ಮೊದಲ ಕಾರ್ಡು, ಆಮೇಲೆ 1999, 2003. ಅದನ್ನು ಫೈಲಿನಲ್ಲಿ ಇಡಲಿಲ್ಲ. ಪೇಪರಿಗೆ ಕೊಟ್ಟರು. ಯಾವ ಇಲಾಖೆ ಯಾರಿಗಿಂತ ಹಿಂದೆ ಅಂತ ಊರಿಗೆಲ್ಲ ಗೊತ್ತಾಯಿತು. ಮೊದಲ ಕಾರ್ಡಿನಲ್ಲಿ ನೆಲ ಹಿಡಿದಿದ್ದ ಅಂಕಗಳು ಮೂರನೆಯದರ ಹೊತ್ತಿಗೆ ಬಹಳ ಮೇಲೆ ಬಂದವು. ಅದಕ್ಕೆ ಬೇರೆ ಕಾರಣಗಳೂ ಇದ್ದಾವು. ಆದರೂ ಅಂಕ ಕೊಟ್ಟವರಿಗೆ ಫಲಿತಾಂಶ ಕಾಣಿಸಿತಲ್ಲ, ಅದು ನನಗೆ ಹೊಟ್ಟೆಕಿಚ್ಚು.

ಈಗ ಆಣೆಯ ಕತೆ. ಇದಕ್ಕಾಗಿಯೇ ಇಷ್ಟು ಬರೆದದ್ದು.

ಹೋದ ಬೇಸಿಗೆ, ಇಂಡಿ ತಾಲೂಕು. ನಿಂಬೆ ತೋಟದ ಒಬ್ಬ ಅಜ್ಜ, ಎಂಬತ್ತರ ಮೇಲೆ ಇರಬೇಕು. ಐದು ಮೆಟ್ಟಿಲಿನ ಕಾರ್ಡು ತೋರಿಸಿದೆ. ಓದಲು ಬರುವುದಿಲ್ಲ ಅಂದರು. ಐದು ಮುಖದ ಚಿತ್ರ ತೋರಿಸಿದೆ. ನಗುವುದು, ಅಳುವುದು. “ಇವೇನ್ ಮಂಗ್ಯಾನ ಮಾರಿ ತೋರಸ್ತಿ” ಅಂದರು. ನನಗೂ ಸಾಕಾಗಿತ್ತು. ಬಾಯಿಗೆ ಬಂದಂತೆ ಕೇಳಿದೆ: “ಹೋಗ್ಲಿ ಬಿಡ್ರಿ ಅಜ್ಜಾ, ರೂಪಾಯಿಗೆ ಎಷ್ಟಾಣೆ ಅದ ಹೇಳ್ರಿ, ಕರೆಂಟು?”

“ಹತ್ತಾಣೆ” ಅಂದರು. ಒಂದು ಕ್ಷಣವೂ ಯೋಚಿಸಲಿಲ್ಲ.

ನಮ್ಮ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದಲೂ ಬೆಳೆ ಅಂದಾಜಿಗೆ ಆಣೆವಾರಿ ಅಂತಲೇ ಹೆಸರು. ಆಗ ಒಂದು ರೂಪಾಯಿಗೆ ಹದಿನಾರು ಆಣೆ. ಪೂರ್ತಿ ಬೆಳೆ ಬಂದರೆ ಹದಿನಾರಾಣೆ. ಅರ್ಧ ಬಂದರೆ ಎಂಟಾಣೆ. ನಾಲ್ಕಾಣೆ ಅಂದರೆ ಬರಗಾಲ. 1957ರಲ್ಲಿ ನಯಾಪೈಸೆ ಬಂದು ಆಣೆ ಹೋಯಿತು, ನಾಲ್ಕಾಣೆ ಅಂತ ಕರೆಯುತ್ತಿದ್ದ 25 ಪೈಸೆಯ ನಾಣ್ಯವೂ 2011ರಲ್ಲಿ ಹೋಯಿತು. ಹೊಲದ ಮಾತಿನಿಂದ ಮಾತ್ರ ಹೋಗಿಲ್ಲ. ಈ ಸಲ ಜೋಳ ಹನ್ನೆರಡಾಣೆ, ತೊಗರಿ ಆರಾಣೆ ಅಂತ ಇವತ್ತಿಗೂ ಹೇಳುತ್ತಾರೆ. ಲಿಕರ್ಟ್ ಹುಟ್ಟುವ ಮೊದಲೇ ನಮ್ಮಲ್ಲಿ ಹದಿನಾರು ಮೆಟ್ಟಿಲಿನ ಅಳತೆಕೋಲು ಇತ್ತು, ಅಲ್ವಾ?

ಅಜ್ಜನಿಗೆ ಹುರುಪು ಬಂತು. “ನೀರು ಎಂಟಾಣೆ. ಬಸ್ಸು ಹನ್ನೊಂದಾಣೆ. ದವಾಖಾನಿ ಐದಾಣೆ. ಸೊಸಿ ಹನ್ನೆರಡಾಣೆ.”

ಒಳಗಿನಿಂದ ಸೊಸೆಯ ದನಿ: “ಉಳಿದ್ ನಾಕಾಣೆ ಏನ್ ಕಡಿಮಿ ಆತ್ರಿ ಮಾವಾರ?”

ನಾನು ಟ್ಯಾಬ್ ಬಿಟ್ಟು ಅಜ್ಜನ ಮುಖ ನೋಡಿದೆ. ಹನ್ನೆರಡು ವರ್ಷದಲ್ಲಿ ನಮ್ಮ ಯಾವ ಪ್ರಶ್ನೆಪಟ್ಟಿಯಲ್ಲೂ ಈ ಪ್ರಶ್ನೆ ಇರಲಿಲ್ಲ. ನಾವು ಅಂಕಿ ತಗೊಂಡು ಮುಂದಿನ ಮನೆಗೆ ಹೋಗುತ್ತೇವೆ. ಆಕೆ ಉಳಿದದ್ದನ್ನು ಕೇಳಿದಳು. ಆಣೆಯಲ್ಲಿ ಹೇಳಿದರೆ ಕೇಳದೆ ಇರಲು ಆಗುವುದಿಲ್ಲ. ರೂಪಾಯಿಯೊಳಗಿನ ಲೆಕ್ಕ ಅದು, ಉಳಿದದ್ದು ಎಲ್ಲಿ ಹೋಯಿತು ಅಂತ ಕೈ ತಾನಾಗಿ ಹುಡುಕುತ್ತದೆ. ನಾನೂ ಕೇಳಿದೆ. “ಅಜ್ಜಾ, ಕರೆಂಟಿನ್ಯಾಗ ಉಳಿದ ಆರಾಣೆ ಎಲ್ಲಿ ಹೋತ್ರಿ?” ಅಜ್ಜ ಬೆರಳು ಮಡಚಿ ಎಣಿಸಿದರು. ರಾತ್ರಿ ಪಾಳಿಗೆ ಎರಡಾಣೆ. ವೋಲ್ಟೇಜ್ ಇಳಿದು ಮೋಟಾರ್ ಸುಟ್ಟದ್ದಕ್ಕೆ ಮೂರಾಣೆ. ಯಾವಾಗ ಬರುತ್ತದೆ ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೆ ಒಂದಾಣೆ. ಲೆಕ್ಕ ತಾಳೆಯಾಯಿತು. ಸೊಸೆಯ ನಾಲ್ಕಾಣೆಗೆ ಮಾತ್ರ ಲೆಕ್ಕ ಕೊಡಲಿಲ್ಲ, ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡರು.

ಇದನ್ನು ಬೆಂಗಳೂರಿಗೆ ಬರೆದೆ. ಮೊದಲು ನಕ್ಕರು. ಆಮೇಲೆ, ಹದಿನಾರನ್ನು ಐದಕ್ಕೆ ಹೊಂದಿಸುವುದು ಹೇಗೆ, ಬೇರೆ ರಾಜ್ಯದ ಅಂಕಿಗಳ ಜೊತೆ ಹೋಲಿಸುವುದು ಹೇಗೆ ಅಂತ ಎರಡು ಪುಟ ಪ್ರಶ್ನೆ ಕಳಿಸಿದರು. ಅವರ ಪ್ರಶ್ನೆ ತಪ್ಪಲ್ಲ. ಹೊಸ ಹುಡುಗರಿಗೆ ಆಣೆಯೇ ಗೊತ್ತಿಲ್ಲ ಅನ್ನುವುದೂ ಖರೆ. ನಮ್ಮ ಟೀಮಿನ ಒಬ್ಬ ಹುಡುಗ ಹದಿನಾರಾಣೆ ಅಂದರೆ ಹದಿನಾರು ರೂಪಾಯಿ ಅಂದುಕೊಂಡಿದ್ದ. ಕೊನೆಗೆ ಮೂವತ್ತು ಮನೆ ಮಾತ್ರ ಪ್ರಯತ್ನಕ್ಕೆ ಅಂತ ಒಪ್ಪಿದ್ದಾರೆ. ಐದರ ಅಂಕಿಯನ್ನೂ ಕೇಳಬೇಕು, ಆಣೆಯನ್ನೂ ಕೇಳಬೇಕು, ‘ಉಳಿದದ್ದು ಎಲ್ಲಿ ಹೋಯಿತು’ ಅಂತಲೂ ಕೇಳಬೇಕು. ಅಕ್ಷರದ ಮಿತಿ ತೆಗೆಸಿದ್ದೇನೆ.

ಸೋಮವಾರ ಬನಹಟ್ಟಿಯಿಂದ ಶುರು. ಅದೇ ಓಣಿಗೂ ಹೋಗುತ್ತೇನೆ, ಆದರೆ ಈ ಸಲ ಮಗ್ಗ ನಿಲ್ಲಿಸುವ ಊಟದ ಹೊತ್ತಿಗೆ. ನಿನ್ನೆ ಸಂಜೆ ಸ್ಟೇಶನ್ ರೋಡಿನ ಝೆರಾಕ್ಸ್ ಅಂಗಡಿಯಲ್ಲಿ ಹೊಸ ಕಾರ್ಡು ಮಾಡಿಸಿದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ, ಒಟ್ಟು ಹದಿನಾರು. ಲ್ಯಾಮಿನೇಶನ್ ಮಾಡುತ್ತಾ ಅಂಗಡಿಯ ಹುಡುಗ ತಿರುಗಿಸಿ ಮುರುಗಿಸಿ ನೋಡಿದ.

“ಅಕ್ಕಾರ, ಚೌಕಾಬಾರಕ್ಕ ಒಂದ್ ಸಾಲ್ ಕಡಿಮಿ ಬಿದ್ದೈತ್ರಿ.”